ಚಿನ್ನ ತೆಗೆದ ಮೇಲೂ ಗುಡ್ಡ ಉಳಿಯುತ್ತದೆ

ಕೆಜಿಎಫ್‌ನ, ಅಂದರೆ ಕೋಲಾರ ಚಿನ್ನದ ಗಣಿಯ, ಹದಿಮೂರು ಸೈನೈಡ್ ಗುಡ್ಡಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಚಿವ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿತು. ಅಂದಿನಿಂದ ಚರ್ಚೆ ಎರಡೇ ಪ್ರಶ್ನೆಗಳ ಸುತ್ತ ಗಿರಕಿ ಹೊಡೆಯುತ್ತಿದೆ. ಎಷ್ಟು ಚಿನ್ನ ಸಿಗುತ್ತದೆ? ಅದು ಯಾರ ಪಾಲಾಗುತ್ತದೆ? ಗಣಿ ನಡೆಸುತ್ತಿದ್ದ ಕೇಂದ್ರದ ಕಂಪನಿ ಭಾರತ್ ಗೋಲ್ಡ್ ಮೈನ್ಸ್ ರಾಜ್ಯಕ್ಕೆ ಕೊಡಬೇಕಾದ ಬಾಕಿಯ ಮಾತು ಬರುತ್ತದೆ, ಕೈಗಾರಿಕೆಗೆಂದು ರಾಜ್ಯ ಕೇಳುವ ಜಮೀನಿನ ಮಾತೂ ಬರುತ್ತದೆ. ಚಿನ್ನ ತೆಗೆದ ಮೇಲೆ ಉಳಿಯುವ ಮಣ್ಣನ್ನು ಏನು ಮಾಡುತ್ತೀರಿ ಎಂದು ಕೇಳುವವರ ದನಿ ಮಾತ್ರ ಈ ಗದ್ದಲದಲ್ಲಿ ಅಡಗಿಹೋಗಿದೆ. ನನ್ನ ಪ್ರಕಾರ ಮೊದಲು ಕೇಳಬೇಕಾದದ್ದೇ ಅದು.

1880ರಲ್ಲಿ ಜಾನ್ ಟೇಲರ್ ಕಂಪನಿ ಕೆಲಸ ಶುರು ಮಾಡಿದ್ದರಿಂದ ಹಿಡಿದು 2001ರ ಫೆಬ್ರುವರಿ 28ರಂದು ಗಣಿ ಮುಚ್ಚುವವರೆಗೆ ಇಲ್ಲಿ ನಡೆದದ್ದು ಒಂದೇ ಕೆಲಸ. ಬರಬರುತ್ತಾ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕಿಳಿದು ಕಲ್ಲು ಮೇಲೆತ್ತುವುದು, ಅದನ್ನು ನುಣ್ಣಗೆ ಅರೆಯುವುದು, ಸೈನೈಡ್ ವಿಧಾನ ಬಂದ ಮೇಲೆ ಅದರ ದ್ರಾವಣದಲ್ಲಿ ಚಿನ್ನ ಕರಗಿಸಿಕೊಳ್ಳುವುದು, ಮಿಕ್ಕಿದ್ದನ್ನು ಹೊರಗೆ ಸುರಿಯುವುದು. ಸುಮಾರು 800 ಟನ್ ಚಿನ್ನ ಊರು ಬಿಟ್ಟು ಹೋಯಿತು. ಸುಮಾರು 3.3 ಕೋಟಿ ಟನ್ ಮಣ್ಣು ಈ ಗುಡ್ಡಗಳಾಗಿ ಊರಲ್ಲೇ ಉಳಿಯಿತು.

ಆ ಮಣ್ಣು ಸುಮ್ಮನೆ ಬಿದ್ದಿಲ್ಲ. ಗಾಳಿ ಎದ್ದಾಗ ಬೂದು ಬಣ್ಣದ ನುಣುಪು ಪುಡಿ ಗಣಿ ಕಾರ್ಮಿಕರ ಲೈನ್ ಮನೆಗಳ ಮೇಲೆ ಹಾಯುತ್ತದೆ. ಕಿಟಕಿ ಮುಚ್ಚಬೇಕು, ಕುಡಿಯುವ ನೀರಿನ ಬಿಂದಿಗೆಗೆ ತಟ್ಟೆ ಮುಚ್ಚಬೇಕು, ಒಣಗಿದ ಬಟ್ಟೆಯನ್ನು ಕೊಡವಿಯೇ ಒಳಗೆ ತರಬೇಕು. ಮಳೆ ಬಂದರೆ ಗುಡ್ಡದ ಮೈಯಲ್ಲಿ ಕೊರಕಲು ಬಿದ್ದು ಕೆಸರು ಚರಂಡಿಗೆ ಇಳಿಯುತ್ತದೆ. ಸೈನೈಡ್ ಬಹುಪಾಲು ಬಿಸಿಲು ಗಾಳಿಗೆ ಒಡೆದು ಹೋಗುವಂಥದ್ದು; ಸಿಲಿಕಾ ಧೂಳು ಹೋಗುವುದಿಲ್ಲ. ಅಪ್ಪಂದಿರು ಗಣಿಯೊಳಗೆ ಕುಡಿದ ಧೂಳನ್ನು ಮಕ್ಕಳು, ಮೊಮ್ಮಕ್ಕಳು ಮನೆಯಲ್ಲಿ ಕೂತು ಕುಡಿಯುತ್ತಿದ್ದಾರೆ.

ಹಾಗಾಗಿ ‘ಗುಡ್ಡ ಮುಟ್ಟಲೇಬೇಡಿ’ ಎನ್ನುವವರ ಜೊತೆ ನಾನಿಲ್ಲ. ಬಿಟ್ಟರೆ ಅದು ಸುರಕ್ಷಿತವಾಗಿ ಇರುವುದಿಲ್ಲ, ಹೀಗೇ ಊರಿನ ಎದೆಗೆ ಇಳಿಯುತ್ತಿರುತ್ತದೆ. ಆದರೆ ಕಸದಿಂದ ರಸ ಎಂದು ಹಿಗ್ಗುವವರು ಸ್ವಲ್ಪ ಲೆಕ್ಕ ಹಾಕಬೇಕು. ಈ ಮಣ್ಣಿನಲ್ಲಿರುವ ಚಿನ್ನ ಟನ್ನಿಗೆ ಒಂದು ಗ್ರಾಂ ಆಸುಪಾಸು. ಅಷ್ಟೂ ಸಿಕ್ಕಿತು ಎಂದುಕೊಂಡರೂ 3.3 ಕೋಟಿ ಟನ್ನಿನಲ್ಲಿ ಕಡಿಮೆಯಾಗುವುದು ಮೂವತ್ತಮೂರು ಟನ್. ಉಳಿದದ್ದೆಲ್ಲ ಅಲ್ಲೇ. ಅದೂ ಮತ್ತೊಮ್ಮೆ ನೀರಿನಲ್ಲಿ ಕಲಸಿ, ಹೊಸದಾಗಿ ಸೈನೈಡ್ ಉಣಿಸಿದ ಮಣ್ಣು. ಜೊಹಾನ್ಸ್‌ಬರ್ಗ್ ಸುತ್ತ 1970ರ ದಶಕದ ಕೊನೆಯಿಂದ ಇದೇ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. ಎಷ್ಟೋ ಹಳೆಯ ಗುಡ್ಡಗಳು ಅಲ್ಲಿ ನಿಜಕ್ಕೂ ಕರಗಿವೆ. ಆದರೆ ಆ ಮಣ್ಣು ಮಾಯವಾಗಲಿಲ್ಲ, ದೈತ್ಯ ಒಡ್ಡುಗಳಾಗಿ ಬೇರೆ ಕಡೆ ಹೋಗಿ ಕೂತಿದೆ. ಇಲ್ಲಿ ಆ ‘ಬೇರೆ ಕಡೆ’ ಯಾವುದು? ಯಾವ ಹಳ್ಳಿಯ ಪಕ್ಕ?

ಮಣ್ಣಿಗೆ ಬಳಕೆಯೇ ಇಲ್ಲವೇ? ಇದೆ. ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆಯ ವಿಜ್ಞಾನಿಗಳು ಇದೇ ಗುಡ್ಡಗಳ ಮಣ್ಣಿಗೆ ಸಿಮೆಂಟ್, ಎರೆಮಣ್ಣು, ಕೆಂಪು ಮಣ್ಣು ಬೆರೆಸಿ ಇಟ್ಟಿಗೆ ಮಾಡಿ ನೋಡಿ, 2007ರಲ್ಲೇ ಫಲಿತಾಂಶ ಪ್ರಕಟಿಸಿದ್ದಾರೆ. ಕೂಗಳತೆಯಲ್ಲಿ ಬೆಂಗಳೂರಿದೆ. ಆ ನಗರ ಕಟ್ಟಲು ಚಿಕ್ಕಬಳ್ಳಾಪುರ, ಕೋಲಾರದ ಬೆಟ್ಟಗಳನ್ನು ಸಿಡಿಸಿ ಜಲ್ಲಿ, ಎಂ-ಸ್ಯಾಂಡ್ ಮಾಡುತ್ತಿದ್ದೇವೆ. ಆಗಲೇ ಅರೆದಿಟ್ಟ ಕೋಟಿಗಟ್ಟಲೆ ಟನ್ ಪುಡಿ ಪಕ್ಕದಲ್ಲೇ ಬಿದ್ದಿದೆ. ಭಾರಲೋಹ ಸೋರುತ್ತದೆಯೇ ಎಂದು ಪರೀಕ್ಷಿಸಿ, ಪಾಸಾದ ಮಣ್ಣನ್ನು ಇಟ್ಟಿಗೆಗೆ, ಬ್ಲಾಕಿಗೆ ಹಾಕಬೇಕು. ಪಾಸಾಗದ್ದನ್ನು ತಳಕ್ಕೆ ಹಾಸು ಹಾಕಿದ ಒಡ್ಡಿನಲ್ಲಿ ಭದ್ರ ಮಾಡಿ ಮೇಲೆ ಹಸಿರು ಹೊದಿಸಬೇಕು.

‘ಇಷ್ಟೆಲ್ಲ ಷರತ್ತು ಹಾಕಿದರೆ ಯಾವ ಕಂಪನಿ ಬರುತ್ತದೆ?’ ಎಂಬ ಆಕ್ಷೇಪ ಬರುತ್ತದೆ. ಚಿನ್ನದ ಬೆಲೆ ಈ ಮಟ್ಟ ಮುಟ್ಟಿರುವಾಗ ಬಾರದವರು ಇನ್ನೆಂದು ಬಂದಾರು? ಈ ಗುಡ್ಡಗಳನ್ನು ಶುಚಿ ಮಾಡಲು ನಮ್ಮ ಬಳಿ ಇರುವ ಏಕೈಕ ದುಡ್ಡು ಅವುಗಳ ಹೊಟ್ಟೆಯಲ್ಲೇ ಇರುವ ಚಿನ್ನ. ಅದು ಒಂದೇ ಸಲ ಸಿಗುವ ದುಡ್ಡು. ಚಿನ್ನ ಮಾರಿ ಹಣ ಹಂಚಿಕೊಂಡ ಮೇಲೆ, ಚಿನ್ನವಿಲ್ಲದ ಗುಡ್ಡಕ್ಕೆ ಯಾವ ಸರ್ಕಾರವೂ ಬಜೆಟ್ಟಿನಲ್ಲಿ ಕೋಟಿಗಳನ್ನು ತೆಗೆದಿಡುವುದಿಲ್ಲ.

ಊರಿನ ಪಾಲನ್ನೂ ನೋಡಿ. ಚಿನ್ನದ ಅದಿರಿಗೆ ಈಗಿರುವ ರಾಜಧನ ಶೇ 4. ಗಣಿ ಪ್ರದೇಶದ ಜನರಿಗಾಗಿ ಇರುವ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹರಾಜಾದ ಹೊಸ ಗುತ್ತಿಗೆಯಿಂದ ಸಲ್ಲುವುದು ಆ ರಾಜಧನದ ಶೇ 10ರಷ್ಟು ಮೊತ್ತ. ಅದೇ ದರ ಇಲ್ಲಿಗೂ ಬಂದರೆ ನೂರು ರೂಪಾಯಿ ಚಿನ್ನಕ್ಕೆ ನಲವತ್ತು ಪೈಸೆ! 2015ಕ್ಕೆ ಮುಂಚಿನ ಗುತ್ತಿಗೆಗಳಿಗಿರುವ ಶೇ 30ರ ದರವಾದರೂ ಇಲ್ಲಿಗೆ ಅನ್ವಯವಾಗಬೇಕು. ಮಣ್ಣು ತೊಳೆಯಲು ಕೋಲಾರದ ಅಂತರ್ಜಲದ ಒಂದು ಹನಿಯನ್ನೂ ಮುಟ್ಟಕೂಡದು. ಕೆಲಸದಲ್ಲಿ ಮೊದಲ ಅವಕಾಶ, ಬೆಳಗಾಗುವ ಮುನ್ನ ಮಾರಿಕುಪ್ಪಂ ರೈಲು ಹತ್ತಿ ಬೆಂಗಳೂರಿಗೆ ದುಡಿಯಲು ಹೋಗುವ ಗಣಿ ಮಕ್ಕಳಿಗೇ ಸಿಗಬೇಕು.

ಗುತ್ತಿಗೆ ಹಿಡಿದವರ ಕೆಲಸವನ್ನು ಅಳೆಯಬೇಕಾದದ್ದು ಅವರು ಒಯ್ದ ಚಿನ್ನದಿಂದಲ್ಲ, ಖಾಲಿ ಮಾಡಿ ಹಸಿರಾಗಿಸಿ ಊರಿಗೆ ಮರಳಿಸಿದ ಎಕರೆಗಳಿಂದ. ಮೊದಲೇ ಠೇವಣಿ ಕಟ್ಟಿಸಿಕೊಂಡು, ಮಣ್ಣು ತೆರವಾದಂತೆ ಅದನ್ನು ಹಂತಹಂತವಾಗಿ ಹಿಂತಿರುಗಿಸುವ ಷರತ್ತು ಟೆಂಡರಿನ ಮೊದಲ ಪುಟದಲ್ಲೇ ಇರಲಿ. ಅದಿಲ್ಲದ ಕಾಗದಕ್ಕೆ ಕರ್ನಾಟಕ ಸಹಿ ಹಾಕಬಾರದು.