ರೋಬೋಟಿಗೆ ಪಾಠ ಹೇಳುವ ವಿದ್ಯೆಯೂ ನಮ್ಮ ಹೆಣ್ಣುಮಕ್ಕಳೂ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆನಿಸಿರುವುದು ವಾಚಕರಿಗೆ ತಿಳಿದ ವಿಷಯವೇ. ಇಲ್ಲಿಯ ಹುಡುಗಿಯೊಬ್ಬಳು ಹತ್ತನೆಯ ತರಗತಿಯಲ್ಲಿ ತೇರ್ಗಡೆ ಹೊಂದಿದೊಡನೆ, ಮುಂದೆ ಏನನ್ನು ಓದಿಸತಕ್ಕದ್ದೆಂಬ ಪ್ರಶ್ನೆಯು ಮನೆಯಲ್ಲಿ ಹುಟ್ಟುವುದು. ಉಪಾಧ್ಯಾಯಿನಿಯ ವೃತ್ತಿಯನ್ನೂ ದಾದಿಯ ವೃತ್ತಿಯನ್ನೂ ಎಲ್ಲರೂ ಒಪ್ಪುವರು. ಯಂತ್ರಶಾಲೆಯ ಹೆಸರನ್ನೆತ್ತಿದರೆ ಮಾತ್ರ, ಕಬ್ಬಿಣದ ಕೆಲಸ ಹೆಣ್ಣುಮಕ್ಕಳಿಗೇಕೆ ಎಂಬ ಮಾತು ಬರುವುದು. ಈ ಮಾತಿಗೆ ಈಗ ಆಧಾರವು ಉಳಿದಿಲ್ಲವೆಂಬುದು ನಮ್ಮ ಅಭಿಪ್ರಾಯ.

ಕಾರಣವೇನೆಂದರೆ, ಈ ಕಾಲದಲ್ಲಿ ಕಾರ್ಖಾನೆಯು ನೆಲದ ಮೇಲೆ ಏಳುವುದಕ್ಕೆ ಮುಂಚೆ ಗಣಕಯಂತ್ರದ ಪರದೆಯ ಮೇಲೆ ಏಳುವುದು. ಸೀಮೆನ್ಸ್ ಸಂಸ್ಥೆಯ ಟೆಕ್ನೊಮ್ಯಾಟಿಕ್ಸ್, ದಸೋ ಸಂಸ್ಥೆಯ ಡೆಲ್ಮಿಯಾ, ಎಬಿಬಿ ಸಂಸ್ಥೆಯ ರೋಬೋಟ್‌ಸ್ಟುಡಿಯೋ ಮೊದಲಾದ ತಂತ್ರಾಂಶಗಳು ಇದಕ್ಕಾಗಿಯೇ ಹುಟ್ಟಿದವು. ಯಾವ ಯಂತ್ರವನ್ನು ಎಲ್ಲಿ ನಿಲ್ಲಿಸಬೇಕು, ಸರಕು ಎಲ್ಲಿ ತಡೆದು ನಿಲ್ಲುವುದು, ರೋಬೋಟಿನ ತೋಳು ಬೆಸುಗೆಯ ಜಾಗಕ್ಕೆ ನಿಲುಕುವುದೋ ಇಲ್ಲವೋ, ತಿರುಗುವಾಗ ಪಕ್ಕದ ಕಂಬಕ್ಕೆ ತಾಗುವುದೋ ಎಂಬಿವೆಲ್ಲವನ್ನೂ ಪರದೆಯಲ್ಲಿಯೇ ಪರೀಕ್ಷಿಸಬಹುದು. ಹಿಂದೆ ರೋಬೋಟಿಗೆ ಹೊಸ ಕೆಲಸ ಕಲಿಸಬೇಕಾದರೆ, ನಡೆಯುತ್ತಿದ್ದ ಉತ್ಪಾದನೆಯನ್ನು ನಿಲ್ಲಿಸಿ, ಅದರ ಪಕ್ಕದಲ್ಲಿ ನಿಂತು ಒಂದೊಂದೇ ಬಿಂದುವನ್ನು ತೋರಿಸಬೇಕಾಗಿತ್ತು. ಈಗ ಆ ಪಾಠದ ಬಹುಭಾಗವನ್ನು ಮೇಜಿನ ಮುಂದೆ ಕುಳಿತು ಬರೆಯಬಹುದು. ಇದಕ್ಕೆ ಬೇಕಾದುದು ತೋಳಿನ ಬಲವಲ್ಲ. ರೇಖಾಗಣಿತದ ಜ್ಞಾನ, ತಾಳ್ಮೆ ಮತ್ತು ಸೂಕ್ಷ್ಮದೃಷ್ಟಿ.

ಇದು ದೂರದೇಶದ ವಾರ್ತೆಯೂ ಅಲ್ಲ. ತುಮಕೂರಿನಿಂದ ಶಿರಾಕ್ಕೆ ಹೋಗುವ ಹೆದ್ದಾರಿಯ ಬಳಿಯ ವಸಂತನರಸಾಪುರದಲ್ಲಿ ಕೈಗಾರಿಕೆಗಳು ಬೆಳೆಯುತ್ತಿವೆ. ಮೂರು ಹಂತಗಳಲ್ಲಿ 8,484 ಎಕರೆಗಳಿಗೆ ವ್ಯಾಪಿಸತಕ್ಕ ತುಮಕೂರು ಕೈಗಾರಿಕಾ ನಗರಕ್ಕೆ 2023ರ ಫೆಬ್ರವರಿ 6ರಂದು ಶಂಕುಸ್ಥಾಪನೆಯಾಯಿತು. ಭೂಮಿ ನಮ್ಮ ಜಿಲ್ಲೆಯದಾಗಿ, ವಿದ್ಯೆ ಮಾತ್ರ ಪರಸ್ಥಳದಿಂದ ಬರುವುದಾದರೆ, ನಮ್ಮ ಮಕ್ಕಳಿಗೆ ಉಳಿಯುವುದು ಪೆಟ್ಟಿಗೆ ಕಟ್ಟುವ ಕೆಲಸವಷ್ಟೆ. ರೋಬೋಟು ಮೊದಲು ಕಸಿದುಕೊಳ್ಳುವುದೂ ಅದನ್ನೇ.

ಬೆಂಗಳೂರಿನಲ್ಲಿ 1961ರಲ್ಲಿಯೂ, ಬಳಿಕ ತುಮಕೂರಿನಲ್ಲಿಯೂ ಸ್ಥಾಪಿತವಾದ ಎಚ್.ಎಂ.ಟಿ. ಗಡಿಯಾರದ ಕಾರ್ಖಾನೆಗಳನ್ನು ಹಿರಿಯರು ಮರೆತಿರಲಾರರು. ಕೂದಲೆಳೆಯಂತಹ ಭಾಗಗಳನ್ನು ಜೋಡಿಸುವ ಕಾರ್ಯದಲ್ಲಿ ಸ್ತ್ರೀಯರು ಯಾರಿಗೂ ಕಡಮೆಯಿಲ್ಲವೆಂದು ಅಲ್ಲಿಯೇ ತೋರಿಬಂದಿತು. ಆ ಗಡಿಯಾರದ ಸಂಸ್ಥೆಯನ್ನು ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರವು ನಿರ್ಧರಿಸಿತು. ಒಂದು ಕಾರ್ಖಾನೆ ಮುಚ್ಚಬಹುದು. ಕಲಿತ ವಿದ್ಯೆಯು ಮತ್ತೊಂದು ಬಾಗಿಲನ್ನು ತೆರೆಯುವಂತಿರಬೇಕು.

ಆದರೆ ಪರದೆಯೊಂದನ್ನೇ ನಂಬತಕ್ಕದ್ದಲ್ಲ. ಚಿತ್ರದಲ್ಲಿ ಸರಿಯಾಗಿ ಕುಳಿತ ಹಿಡಿಕೆಯು ನೆಲದ ಮೇಲೆ ಒಂದೆರಡು ಮಿಲಿಮೀಟರು ಸರಿದಿರಬಹುದು. ಆಗ ಬೆಸುಗೆ ತಪ್ಪಿದ ಜಾಗಕ್ಕೆ ಬೀಳುವುದು. ಆದುದರಿಂದ ಈ ವಿದ್ಯೆಯನ್ನು ಕಲಿಯುವವಳು ಯಂತ್ರಶಾಲೆಯ ಎಣ್ಣೆಯ ವಾಸನೆಗೂ ಸದ್ದಿಗೂ ಅಂಜದೆ ಒಳಹೊಕ್ಕು, ಅಳೆದು ನೋಡಿ, ತಿದ್ದಲೇಬೇಕು. ಮೇಜಿನ ಕೆಲಸವೆಂದು ಮಾತ್ರ ಎಣಿಸಿ ಕಳುಹಿಸುವ ತಂದೆತಾಯಿಗಳು ಅರ್ಧ ವಿದ್ಯೆಯನ್ನು ಕೊಡಿಸಿದಂತಾಗುವುದು.

ರಾಜ್ಯದ 150 ಸರ್ಕಾರಿ ಕೈಗಾರಿಕಾ ತರಬೇತಿ ಸಂಸ್ಥೆಗಳನ್ನು ಹೊಸ ಯಂತ್ರಗಳಿಂದ ಸಜ್ಜುಗೊಳಿಸಿ 2022ರ ಜೂನ್‌ನಲ್ಲಿ ಲೋಕಾರ್ಪಣೆ ಮಾಡಲಾಯಿತು. ಬಾಗಿಲು ತೆರೆದಿದೆ, ಹೊಸ್ತಿಲನ್ನು ದಾಟಿಸುವ ಭಾರವು ನಮ್ಮದು. ಪೋಷಕರು ಮಗನಿಗೆ ಕೊಡುವ ಬಸ್ಸಿನ ಹಣವನ್ನೂ ಧೈರ್ಯವನ್ನೂ ಮಗಳಿಗೂ ಕೊಡಲಿ. ಇಂತಹ ಉದ್ಯೋಗದಲ್ಲಿರುವ ನಮ್ಮ ಪೂರ್ವ ವಿದ್ಯಾರ್ಥಿನಿಯರು ವರ್ಷಕ್ಕೊಮ್ಮೆಯಾದರೂ ಶಾಲೆಗೆ ಬಂದು, ತಾವು ಮಾಡುವ ಕೆಲಸವನ್ನು ತಂಗಿಯರಿಗೆ ವಿವರಿಸಲಿ. ಕಣ್ಣಾರೆ ಕಂಡ ಅಕ್ಕನೊಬ್ಬಳು ನೂರು ಉಪದೇಶಗಳಿಗಿಂತ ಮೇಲೆಂದು ನಾವು ನಂಬಿರುತ್ತೇವೆ.