ಭೇಡಾಘಾಟಿನ ದೋಣಿಗೆ ಮೋಟಾರು ಯಾಕೆ?

"ಜಾಗ ಚೆನ್ನಾಗಿದೆ ಮಾರಾಯ, ಆದ್ರೆ ಆ ಅಂಬಿಗನ ಬಾಯಿ ಮುಚ್ಚಿಸೋಕಾಗಲ್ಲ. ಮೋಟಾರ್ ಬೋಟ್ ಇದ್ರೆ ಹತ್ತು ನಿಮಿಷದಲ್ಲಿ ಮುಗೀತಿತ್ತು" ಅಂದ ಗೆಳೆಯ. ನನಗೆ ಸಿಟ್ಟು ಬಂತು :-)

ಜಬಲ್ಪುರದ ಹತ್ತಿರ ಧುವಾಂಧಾರ್‌ನಲ್ಲಿ ಹೊಗೆಯೆಬ್ಬಿಸಿ ಧುಮುಕುವ ನರ್ಮದೆ, ಅಲ್ಲಿಂದ ಕೆಳಗೆ ಅಮೃತಶಿಲೆಯ ಗೋಡೆಗಳ ನಡುವೆ ಮೆತ್ತಗೆ ಹರಿಯುತ್ತಾಳೆ. ಪಂಚವಟಿ ಘಾಟ್‌ನಲ್ಲಿ ಮರದ ದೋಣಿ ಹತ್ತಿದರೆ, ಅಂಬಿಗ ಹುಟ್ಟು ಹಾಕುತ್ತಲೇ ಪ್ರಾಸ ಕಟ್ಟಿ ಕಾಮೆಂಟರಿ ಶುರುಮಾಡುತ್ತಾನೆ. ಇಲ್ಲೇ ರಾಜ್ ಕಪೂರನ 'ಜಿಸ್ ದೇಶ್ ಮೇ ಗಂಗಾ ಬೆಹ್ತೀ ಹೈ' ಶೂಟಿಂಗ್ ಆಗಿದ್ದು (ಹೆಸರು ಗಂಗೆಯದು, ನೀರು ನರ್ಮದೆಯದು!), ಅಗೋ ಅದು 'ಬಂದರ್ ಕೂದನಿ', ಒಂದು ಕಾಲಕ್ಕೆ ಕೋತಿಗಳು ಈ ದಡದಿಂದ ಆ ದಡಕ್ಕೆ ಹಾರುತ್ತಿದ್ದವಂತೆ...

ಅರ್ಧ ಬುರುಡೆಯೇ ಇರಬಹುದು. ನನ್ನ ಹರಕು ಹಿಂದಿಗೆ ಪೂರ್ತಿ ಅರ್ಥವೂ ಆಗಲಿಲ್ಲ. ಆದರೆ ಆ ದನಿ ಎರಡೂ ಗೋಡೆಗೆ ಬಡಿದು ವಾಪಸ್ ಬರುತ್ತಲ್ಲ, ಮೋಟಾರಿನ ಗದ್ದಲದಲ್ಲಿ ಅದು ಕೇಳುತ್ತಾ? ಮಳೆಗಾಲದಲ್ಲಿ ನದಿ ಉಕ್ಕಿದರೆ ದೋಣಿ ಬಂದ್, ಆ ತಿಂಗಳುಗಳ ಸಂಪಾದನೆಯೂ ಬಂದ್. ಉಳಿದ ತಿಂಗಳುಗಳನ್ನೂ ಮೋಟಾರಿಗೆ ಕೊಟ್ಟರೆ ಹುಟ್ಟು ಹಿಡಿದವನು ಏನು ಮಾಡಬೇಕು? ಮಾಲ್‌ನ ಕಾಫಿಗೆ ತುಟಿಪಿಟಕ್ಕೆನ್ನದೆ ದುಡ್ಡು ಕೊಡುವ ನಾವು ಇವನ ಹತ್ತಿರ ಐವತ್ತು ರೂಪಾಯಿಗೆ ಚೌಕಾಸಿಗೆ ನಿಲ್ಲುತ್ತೇವೆ.

ವಾಪಸ್ ಬರುವಾಗ ನಮ್ಮ ಅಂಬಿಗ ಸುಸ್ತಾಗಿ ಮಾತು ನಿಲ್ಲಿಸಿದ. ಹಿಂದೆ ಕೂತಿದ್ದ ಅಜ್ಜಿ ಕೇಳಿಯೇಬಿಟ್ಟರು: "ಯಾಕೆ ಬೇಟಾ, ಸುಮ್ಮನಾದೆ?"