ಉಡುಪೆಂದರೆ ಉಪಕಸಬೆ?

ಹಲವು ಕಸಬು ಹಿಡಿದವರಿಗೆ ಯಾವುದೂ ಕೈಹತ್ತದು ಎಂದು ತೀರ್ಪು ಕೊಡುವ ಪಂಡಿತರು ನಮ್ಮಲ್ಲಿ ಬಹಳ. ಅವರಿಗೆ ಪ್ರೇಮಾ ಕಾರಂತರನ್ನು ತೋರಿಸಬೇಕು.

ಭದ್ರಾವತಿಯಲ್ಲಿ 1936ರಲ್ಲಿ ಹುಟ್ಟಿದ ಈಕೆ ಎಷ್ಟೋ ನಾಟಕಗಳಿಗೆ, 1975ರ ‘ಹಂಸಗೀತೆ’ ಚಿತ್ರಕ್ಕೆ ಉಡುಪು ವಿನ್ಯಾಸ ಮಾಡಿದರು; ‘ಕುದುರೆ ಮೊಟ್ಟೆ’ಗೆ ಕಲಾನಿರ್ದೇಶಕಿಯಾದರು; ಬೆನಕ ಮಕ್ಕಳ ಕೇಂದ್ರ ಕಟ್ಟಿದರು; ಎಂ.ಕೆ. ಇಂದಿರಾ ಅವರ ಕಾದಂಬರಿಯನ್ನು ಹಿಡಿದು 1983ರ ‘ಫಣಿಯಮ್ಮ’ ನಿರ್ದೇಶಿಸಿದರು.

ಇದು ಚಂಚಲತೆಯೆ? ‘ಫಣಿಯಮ್ಮ’ ಬಾಲವಿಧವೆಯ ಕಥೆ. ಬಳೆ ಹೋಯಿತು, ಕುಂಕುಮ ಹೋಯಿತು, ಕೂದಲೂ ಹೋಯಿತು. ಸಮಾಜ ಅಂಥ ಹೆಣ್ಣಿಗೆ ಶಿಕ್ಷೆ ಬರೆದದ್ದೇ ಉಡಿಗೆ ತೊಡಿಗೆಯ ಭಾಷೆಯಲ್ಲಿ. ಆ ಭಾಷೆಯನ್ನು ವರ್ಷಗಟ್ಟಲೆ ಓದಿದ ಕಣ್ಣಿಗಲ್ಲದೆ ಆ ಕಥೆ ಇನ್ನಾರಿಗೆ ಅಷ್ಟು ದಕ್ಕೀತು? ಕಸಬುಗಳು ಹಲವು, ಕಣ್ಣು ಒಂದೇ.

ಆದರೂ ನಮ್ಮ ನಾಟಕ ವಿಮರ್ಶೆಯಲ್ಲಿ ‘ವೇಷಭೂಷಣ ಚೆನ್ನಾಗಿತ್ತು’ ಎಂಬುದು ಕೊನೆಯ ಸಾಲು. ಪ್ರೇಮಾ ಎಂದೊಡನೆ ‘ಬಿ.ವಿ. ಕಾರಂತರ ಪತ್ನಿ’ ಎಂದು ಮುಗಿಸುತ್ತೇವೆ. ಇದು ಪರಿಚಯವಲ್ಲ, ಸೋಮಾರಿತನ.

ಆಕೆ 2007ರಲ್ಲಿ ತೀರಿಕೊಂಡರು. ಕಲೆಯ ಚರಿತ್ರೆ ಬರೆಯುವವರು ಇನ್ನಾದರೂ ಸೂಜಿದಾರಕ್ಕೊಂದು ಅಧ್ಯಾಯ ಕೊಡಲಿ. ಕಾಗದಕ್ಕೆ ಹೆಸರಾದ ಊರಿನ ಮಗಳಿಗೆ ಒಂದು ಪುಟ ಸಿಗದಿದ್ದರೆ ನಾಚಿಕೆ ನಮ್ಮದು.